ಮೊದಲು ತಿಂಗಳು, ಆಮೇಲೆ ಟಿಕೆಟ್: ಪೂರ್ವ ಆಫ್ರಿಕಾದ ಸಫಾರಿಗೆ ಹೊರಡುವವರಿಗೆ

ದೇವನಹಳ್ಳಿಯ ವಿಮಾನ ನಿಲ್ದಾಣ ನಮ್ಮ ಮುದ್ದೇನಹಳ್ಳಿಗೆ ಒಂದು ಗಂಟೆಯ ಹಾದಿಯೂ ಅಲ್ಲ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ಕಡೆಯಿಂದ ದುಬೈ, ಸಿಂಗಪುರ ನೋಡಿ ಬಂದವರು ಈಗ ಕೆನ್ಯಾ, ತಾಂಜಾನಿಯಾ ಎನ್ನತೊಡಗಿದ್ದಾರೆ. ಬೆಂಗಳೂರಿನಿಂದ ಅಡಿಸ್ ಅಬಾಬಕ್ಕೆ ನೇರ ವಿಮಾನ 2019ರಲ್ಲಿ ಶುರುವಾಯಿತು. ಅಲ್ಲಿ ವಿಮಾನ ಬದಲಾಯಿಸಿದರೆ ನೈರೋಬಿ, ಕಿಲಿಮಂಜಾರೊ, ಎಂಟೆಬೆ ಯಾವ ಕಡೆಗೂ ಹೋಗಬಹುದು. ದುಬೈ, ದೋಹಾ ಮೂಲಕವೂ ದಾರಿಯಿದೆ. ಮಗ ಅಥವಾ ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದು, ನಿವೃತ್ತಿಯಾದ ಅಪ್ಪ ಅಮ್ಮನಿಗೆ ಸಿಂಹ, ಜಿರಾಫೆ ತೋರಿಸಬೇಕೆಂದು ದುಡ್ಡು ಕೂಡಿಟ್ಟ ಮನೆಗಳು ನಮ್ಮ ಸುತ್ತಮುತ್ತ ಕಡಿಮೆಯೇನಿಲ್ಲ.

ಈ ಬರಹ ಅಂಥ ಮನೆಗಳಿಗಾಗಿ. ಸಫಾರಿ ದುಬಾರಿ ಪ್ರವಾಸ. ಅಷ್ಟು ದುಡ್ಡು ಸುರಿದು, ಬರೀ ಮಳೆ ನೋಡಿಕೊಂಡೋ ವ್ಯಾನಿನಲ್ಲಿ ಸೊಂಟ ನೋಯಿಸಿಕೊಂಡೋ ಬರುವಂತಾಗಬಾರದು. 1898ರಲ್ಲೇ ಜಪಾನ್ ನೋಡಿಬಂದ, 1906ರಲ್ಲಿ ಏಡನ್ ಬಂದರಿನ ಕುಡಿಯುವ ನೀರಿನ ಯೋಜನೆಗೆಂದು ಕಡಲು ದಾಟಿದ ವಿಶ್ವೇಶ್ವರಯ್ಯನವರು ಹುಟ್ಟಿದ ಊರು ನಮ್ಮದು. ದೂರದ ದೇಶಕ್ಕೆ ಲೆಕ್ಕ ಹಾಕಿಕೊಂಡೇ ಹೊರಡಬೇಕು ಎಂದು ಇಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಆ ಲೆಕ್ಕ ಎಲ್ಲಿಂದ ಶುರುವಾಗಬೇಕು ಎಂಬುದನ್ನಷ್ಟೇ ಹೇಳಬೇಕು. ಅದು ಶುರುವಾಗುವುದು ತಿಂಗಳಿನಿಂದ.

ನಮ್ಮ ರಜೆ, ಅವರ ಮಳೆ

ನಮ್ಮ ಮಕ್ಕಳಿಗೆ ಬೇಸಿಗೆ ರಜೆ ಏಪ್ರಿಲ್, ಮೇ ತಿಂಗಳಲ್ಲಿ. ಕೆನ್ಯಾ, ತಾಂಜಾನಿಯಾಗಳಲ್ಲಿ ದೊಡ್ಡ ಮಳೆಗಾಲ ಮಾರ್ಚ್ ನಡುವಿನಿಂದ ಮೇ ಕೊನೆಯವರೆಗೆ. ಎರಡೂ ಸರಿಯಾಗಿ ಒಂದರ ಮೇಲೊಂದು ಬಂದು ಕೂರುತ್ತವೆ. ಆ ತಿಂಗಳುಗಳಲ್ಲಿ ಹುಲ್ಲು ಎದೆಯುದ್ದ ಬೆಳೆದಿರುತ್ತದೆ, ಪಕ್ಕದಲ್ಲೇ ಸಿಂಹ ಮಲಗಿದ್ದರೂ ಕಾಣುವುದಿಲ್ಲ. ಕೆನ್ಯಾದ ಮಸಾಯಿ ಮಾರಾದ ಬಹುಭಾಗ ಎರೆಮಣ್ಣು. ನಮ್ಮ ಕಡೆಯ ಕೆಮ್ಮಣ್ಣಿನ ದಾರಿಯಲ್ಲಿ ಮಳೆ ನಿಂತ ಅರ್ಧ ಗಂಟೆಗೆ ಓಡಾಡಬಹುದು, ಎರೆಮಣ್ಣಿನಲ್ಲಿ ಚಕ್ರ ಹೂತರೆ ಇನ್ನೊಂದು ಗಾಡಿ ಬಂದು ಎಳೆಯಬೇಕು. ಎಷ್ಟೋ ಕ್ಯಾಂಪುಗಳು ಏಪ್ರಿಲ್, ಮೇನಲ್ಲಿ ಬಾಗಿಲು ಹಾಕಿಬಿಡುತ್ತವೆ. ತೆರೆದಿರುವವು ದರ ಇಳಿಸುತ್ತವೆ. ‘ಸಮ್ಮರ್ ಸ್ಪೆಷಲ್’ ಎಂದು ಬರುವ ಅಗ್ಗದ ಪ್ಯಾಕೇಜಿನ ಹಿಂದೆ ಇರುವುದು ಈ ಮಳೆ. ಹಸಿರು, ಹಕ್ಕಿ, ಖಾಲಿ ಕಾಡು ಸಾಕು ಎನ್ನುವವರು ತಿಳಿದೇ ಹೋಗಬಹುದು. ಮಕ್ಕಳನ್ನು ಮೊದಲ ಸಲ ಕರೆದುಕೊಂಡು ಹೋಗುವವರು ಹೋಗಬಾರದು.

ಶಾಲೆಗೆ ಹೋಗುವ ಮಕ್ಕಳಿರುವ ಮನೆಗೆ ದಸರಾ ರಜೆಯೇ ಸರಿಯಾದ ಕಾಲ. ಜುಲೈಯಿಂದ ಅಕ್ಟೋಬರ್‌ವರೆಗೆ ಅಲ್ಲಿ ಒಣಗಾಲ. ಹುಲ್ಲು ಮೇದು ಗಿಡ್ಡವಾಗಿರುತ್ತದೆ, ನೀರಿರುವ ಕಡೆಗೇ ಪ್ರಾಣಿಗಳು ಬಂದು ಸೇರುತ್ತವೆ. ಸೆರೆಂಗೆಟಿಯಿಂದ ಹೊರಟ ವೈಲ್ಡ್‌ಬೀಸ್ಟ್ ಹಿಂಡುಗಳು ಮಾರಾದ ಹುಲ್ಲುಗಾವಲಿನಲ್ಲಿ ಇರುವುದೂ ಆಗಲೇ. ಹತ್ತು ಲಕ್ಷಕ್ಕೂ ಮೀರಿದ ಈ ಪ್ರಾಣಿಗಳು, ಜೊತೆಗೆ ಲಕ್ಷಗಟ್ಟಲೆ ಜೀಬ್ರಾ, ಮಳೆ ಬಿದ್ದ ಕಡೆ ಚಿಗುರುವ ಹುಲ್ಲನ್ನು ಹಿಂಬಾಲಿಸುತ್ತಾ ವರ್ಷವಿಡೀ ಸುತ್ತು ಹಾಕುತ್ತಿರುತ್ತವೆ. ಮಾರಾ ನದಿ ದಾಟುವ ದೃಶ್ಯ ಈ ಸುತ್ತಿನ ಒಂದು ತುಣುಕು ಮಾತ್ರ. ಯಾವ ದಿನ, ಯಾವ ದಡದಲ್ಲಿ ದಾಟುತ್ತವೆ ಎಂದು ಯಾರೂ ಹೇಳಲಾರರು. ದಡದವರೆಗೆ ಬಂದು, ಮೂಸಿ, ಗಂಟೆಗಟ್ಟಲೆ ನಿಂತು ವಾಪಸು ಹೋಗುವುದೂ ಉಂಟು. ‘ಇಂಥ ತಾರೀಖಿಗೆ ದಾಟುವುದನ್ನು ತೋರಿಸುತ್ತೇವೆ’ ಎಂದು ಖಾತರಿ ಕೊಡುವ ಏಜೆಂಟ್ ಸಿಕ್ಕರೆ ಬೇರೆಯವರನ್ನು ಹುಡುಕಿ.

ಶಾಲೆಯ ಹಂಗಿಲ್ಲದವರಿಗೆ ನನ್ನ ಸಲಹೆ ಫೆಬ್ರವರಿ. ಆಗ ಹಿಂಡುಗಳು ತಾಂಜಾನಿಯಾದ ದಕ್ಷಿಣ ಸೆರೆಂಗೆಟಿಯಲ್ಲಿ, ನ್ಡುಟು ಎಂಬ ಕಡೆ ಇರುತ್ತವೆ. ಕೆಲವೇ ವಾರಗಳಲ್ಲಿ ಲಕ್ಷಗಟ್ಟಲೆ ಕರುಗಳು ಹುಟ್ಟುತ್ತವೆ. ಹುಟ್ಟಿದ ಕೆಲವೇ ನಿಮಿಷಕ್ಕೆ ಎದ್ದು ನಿಂತು ತಾಯಿಯ ಹಿಂದೆ ಓಡುವ ಕರು, ಅದರ ಮೇಲೆ ಕಣ್ಣಿಟ್ಟ ಚೀತಾ, ಸಿಂಹ, ಕತ್ತೆಕಿರುಬ ಎಲ್ಲವೂ ಒಂದೇ ಬಯಲಿನಲ್ಲಿ. ಜನಸಂದಣಿ ಮಾರಾಕ್ಕಿಂತ ಕಡಿಮೆ.

ರೇಷ್ಮೆ ಸಾಕುವವರ ಲೆಕ್ಕ ಬೇರೆ. ಹುಳು ನಾಲ್ಕನೇ ಜ್ವರ ಎದ್ದ ಮನೆಯಿಂದ ಯಾರೂ ಕದಲಲಾಗದು. ಆ ಬೆಳೆಗೆ ಮೊಟ್ಟೆ ತರದೆ ಬಿಡಬೇಕು, ಇಲ್ಲವೇ ಗೂಡು ಮಾರುಕಟ್ಟೆಗೆ ಹೋದ ಮೇಲೆ ಹೊರಡಬೇಕು. ಒಂದು ಬೆಳೆ ಬಿಡುವ ನಷ್ಟವನ್ನೂ ಪ್ರವಾಸದ ಖರ್ಚಿಗೆ ಸೇರಿಸಿಯೇ ಲೆಕ್ಕ ಹಾಕಿ. ಹೊರಡುವ ತಿಂಗಳು ಆರು ತಿಂಗಳು ಮೊದಲೇ ಗೊತ್ತಾಗಿದ್ದರೆ ಇದಕ್ಕೆಲ್ಲ ದಾರಿಯಿದೆ.

ಕಡಿಮೆ ಜಾಗ, ಹೆಚ್ಚು ರಾತ್ರಿ

ಪ್ಯಾಕೇಜಿನ ಹಾಳೆಯಲ್ಲಿ ಏಳು ದಿನಕ್ಕೆ ಐದು ಉದ್ಯಾನ ಕಂಡರೆ ನಮಗೆ ದುಡ್ಡಿಗೆ ಮೋಸವಿಲ್ಲ ಅನ್ನಿಸುತ್ತದೆ. ಅದೇ ಹಾಳೆಯಲ್ಲಿ ದಾರಿಯ ಗಂಟೆಗಳನ್ನು ಕೂಡಿಸಿ ನೋಡಿ. ನೈರೋಬಿಯಿಂದ ಮಾರಾಕ್ಕೆ ಐದಾರು ಗಂಟೆ. ತಾಂಜಾನಿಯಾದ ಅರೂಷಾದಿಂದ ಸೆರೆಂಗೆಟಿಯ ನಡುಭಾಗಕ್ಕೆ ಏಳೆಂಟು ಗಂಟೆ. ಉದ್ಯಾನ ಹತ್ತಿರವಾದಂತೆ ದಾರಿ ಕಲ್ಲು, ಗುಂಡಿ, ಧೂಳು. ಪ್ರತಿದಿನ ಜಾಗ ಬದಲಿಸಿದರೆ ಪ್ರಾಣಿ ನೋಡುವ ಹೊತ್ತಿನಲ್ಲಿ ನೀವು ಹೆದ್ದಾರಿಯಲ್ಲಿರುತ್ತೀರಿ. ಬೆಳಗಿನ ಆರರಿಂದ ಒಂಬತ್ತು, ಸಂಜೆ ನಾಲ್ಕರಿಂದ ಆರೂವರೆ, ಈ ಎರಡು ಹೊತ್ತಿಗಾಗಿಯೇ ಅಷ್ಟು ದೂರ ಹೋಗುವುದು. ಅವುಗಳನ್ನು ರಸ್ತೆಗೆ ಕೊಡಬೇಡಿ. ನಕ್ಷತ್ರದ ಲಾಡ್ಜಿಗೆ ಕೊಡುವ ಹೆಚ್ಚಿನ ದುಡ್ಡನ್ನು ಅದೇ ಕಾಡಿನಲ್ಲಿ ಇನ್ನೊಂದು ರಾತ್ರಿ ಉಳಿಯುವುದಕ್ಕೆ ಹಾಕಿ. ಇದು ನಾನು ಒತ್ತಿ ಹೇಳುವ ಮಾತು.

ಮೊದಲ ಸಲಕ್ಕೆ ಒಂದೇ ದೇಶ ಸಾಕು. ಕೆನ್ಯಾ ಎಂದಾದರೆ ಮಾರಾದಲ್ಲಿ ಮೂರು ರಾತ್ರಿ, ಆನೆ ಹಿಂಡಿನ ಹಿಂದೆ 5,895 ಮೀಟರ್ ಎತ್ತರದ ಕಿಲಿಮಂಜಾರೊ ಕಾಣುವ ಅಂಬೋಸೆಲಿಯಲ್ಲಿ ಎರಡು ರಾತ್ರಿ. ತಾಂಜಾನಿಯಾ ಎಂದಾದರೆ ತರಂಗಿರೆ ಒಂದು, ಸೆರೆಂಗೆಟಿ ಮೂರು, ಗೊರೊಂಗೊರೊ ಒಂದು. ನಕ್ಷೆಯಲ್ಲಿ ಮಾರಾ, ಸೆರೆಂಗೆಟಿ ಒಂದಕ್ಕೊಂದು ಅಂಟಿಕೊಂಡಿವೆ, ‘ಎರಡನ್ನೂ ನೋಡಿಬಿಡೋಣ’ ಎನ್ನಿಸುವುದು ಸಹಜ. ಆ ಗಡಿಯಲ್ಲಿ ವೈಲ್ಡ್‌ಬೀಸ್ಟ್ ದಾಟಬಹುದು, ಪ್ರವಾಸಿಗರ ಗಾಡಿ ದಾಟುವಂತಿಲ್ಲ. ಇಸೆಬಾನಿಯಾ ಅಥವಾ ನಮಂಗಾ ಗಡಿಠಾಣೆಗೆ ಸುತ್ತು ಹಾಕಬೇಕು, ಅದಕ್ಕೆ ಒಂದು ಇಡೀ ದಿನ ಹೋಗುತ್ತದೆ.

ಏನು ನೋಡಬೇಕು ಎಂಬುದನ್ನೂ ಮನೆಯಲ್ಲೇ ಮಾತಾಡಿಕೊಳ್ಳಿ. ಆನೆ, ಚಿರತೆ, ಕಾಟಿ ನಮ್ಮ ಕಬಿನಿ, ಬಂಡೀಪುರದಲ್ಲೇ ಇವೆ. ಚಿರತೆಯಂತೂ ನಂದಿಬೆಟ್ಟದ ಬುಡದಲ್ಲೇ ಓಡಾಡುತ್ತದೆ. ನಮ್ಮಲ್ಲಿ ಇಲ್ಲದ್ದು ಕಣ್ಣು ಹರಿಯುವಷ್ಟು ಬಯಲು, ಅದರಲ್ಲಿ ಸಂಸಾರ ಸಮೇತ ಮಲಗಿದ ಸಿಂಹಗಳು, ಜಿರಾಫೆ, ಹಿಪ್ಪೊ, ಓಡುವ ಚೀತಾ. ಚೀತಾ ನಮ್ಮ ದೇಶದಿಂದ ಅಳಿದುಹೋಯಿತೆಂದು 1952ರಲ್ಲಿ ಘೋಷಿಸಲಾಗಿತ್ತು. 2022ರಲ್ಲಿ ಕುನೊಗೆ ತಂದು ಬಿಟ್ಟವೂ ಆಫ್ರಿಕಾದವೇ. ‘ಬಿಗ್ ಫೈವ್’ ಎಂಬ ಪಟ್ಟಿ ಬೇಟೆಗಾರರ ಕಾಲದ್ದು, ಅದರಲ್ಲಿ ಚೀತಾಗೂ ಜಿರಾಫೆಗೂ ಜಾಗವಿಲ್ಲ. ಆ ಪಟ್ಟಿಗೆ ಟಿಕ್ ಹಾಕುವ ಹಟದಲ್ಲಿ ಚಾಲಕರನ್ನು ಅಲ್ಲಿಂದಿಲ್ಲಿಗೆ ಓಡಿಸಬೇಡಿ.

ಪ್ರವೇಶ ಶುಲ್ಕದ ಬಗ್ಗೆ ಒಂದು ಮಾತು. ಮಾರಾದಲ್ಲಿ 2024ರಿಂದ ವಿದೇಶಿ ವಯಸ್ಕರಿಗೆ ದಿನಕ್ಕೆ ಜನವರಿಯಿಂದ ಜೂನ್‌ವರೆಗೆ 100 ಡಾಲರ್, ಜುಲೈಯಿಂದ ಡಿಸೆಂಬರ್‌ವರೆಗೆ 200 ಡಾಲರ್. ದಿನ ಎಂದರೆ ಬೆಳಗ್ಗೆ ಆರರಿಂದ ಸಂಜೆ ಆರು. ಮರುದಿನ ಬೆಳಗ್ಗೆ ಗೇಟಿನಿಂದ ಹೊರಬರುವುದು ತಡವಾದರೆ ಮತ್ತೊಂದು ದಿನದ ಶುಲ್ಕ ಬೀಳಬಹುದು. ಏಜೆಂಟ್ ಹೇಳಿದ ಮೊತ್ತದಲ್ಲಿ ಈ ಶುಲ್ಕ ಸೇರಿದೆಯೇ, ಗಾಡಿ ನಿಮಗಷ್ಟೆಯೇ ಅಥವಾ ಬೇರೆಯವರ ಜೊತೆಗೆ ಹಂಚಿಕೊಳ್ಳಬೇಕೇ, ಎಲ್ಲರಿಗೂ ಕಿಟಕಿ ಸೀಟು ಇದೆಯೇ, ಚಾವಣಿ ತೆರೆಯುತ್ತದೆಯೇ, ದಿನಕ್ಕೆ ಇಷ್ಟೇ ಕಿಲೋಮೀಟರ್ ಎಂಬ ಮಿತಿ ಇದೆಯೇ ಎಂಬುದೆಲ್ಲ ಬರಹದಲ್ಲಿ ಇರಲಿ. ವಿದೇಶ ಪ್ರವಾಸದ ಪ್ಯಾಕೇಜಿಗೆ ಇಲ್ಲಿ ಹಿಡಿಯುವ ಟಿಸಿಎಸ್ ತೆರಿಗೆಯನ್ನು ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು, ಆ ರಸೀದಿ ಎತ್ತಿಡಿ.

ಹೆಸರು, ಇನಿಷಿಯಲ್, ಕಾಗದಪತ್ರ

ನಮ್ಮ ಕಡೆಯವರಿಗೆ ಕಾಗದಪತ್ರದಲ್ಲಿ ಬರುವ ತೊಡಕು ಮೊದಲಿಗೆ ಹೆಸರಿನದೇ. ಆಧಾರ್‌ನಲ್ಲಿ ಹೆಸರಿನ ಮುಂದೆ ಎರಡು ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು, ತಂದೆಯ ಹೆಸರು ಬಿಡಿಸಿ ಬರೆದದ್ದು, ಸರ್‌ನೇಮ್ ಜಾಗ ಖಾಲಿ. ವಿಮಾನದ ಟಿಕೆಟ್ ಮಾಡುವ ತಾಣ ಸರ್‌ನೇಮ್ ಇಲ್ಲದೆ ಮುಂದಕ್ಕೇ ಹೋಗುವುದಿಲ್ಲ. ಆಗ ಮಗ ಇನಿಷಿಯಲ್ ಹಾಕುತ್ತಾನೆ, ಏಜೆಂಟ್ ತಂದೆಯ ಹೆಸರು ಹಾಕುತ್ತಾರೆ, ವೀಸಾ ಅರ್ಜಿಯಲ್ಲಿ ಮೂರನೆಯದೊಂದು ಹೆಸರು ಸೇರುತ್ತದೆ. ಮೂರೂ ಒಬ್ಬರದೇ ಎಂದು ಚೆಕ್-ಇನ್ ಕೌಂಟರಿನಲ್ಲಿ ವಾದಿಸಿ ಫಲವಿಲ್ಲ. ಪಾಸ್‌ಪೋರ್ಟಿನ ಪುಟ ಮುಂದಿಟ್ಟುಕೊಂಡು, ಅದರಲ್ಲಿ ಇರುವ ಅಕ್ಷರಗಳನ್ನೇ, ಅದೇ ಸಾಲಿನಲ್ಲಿ ಎಲ್ಲ ಕಡೆಯೂ ಬರೆಯಿರಿ. ಸರ್‌ನೇಮ್ ಖಾಲಿ ಇದ್ದವರು ಅಲ್ಲಿ ಏನು ತುಂಬಬೇಕೆಂದು ವಿಮಾನ ಸಂಸ್ಥೆಯನ್ನೇ ಕೇಳಿ, ಟಿಕೆಟ್ಟಿಗೂ ವೀಸಾಕ್ಕೂ ಒಂದೇ ಕ್ರಮ ಹಿಡಿಯಿರಿ. ಹೊರಡಲು ಬಹಳ ದಿನವಿದ್ದರೆ ಪಾಸ್‌ಪೋರ್ಟನ್ನೇ ಸರಿಪಡಿಸಿಕೊಳ್ಳುವುದು ಇನ್ನೂ ಒಳ್ಳೆಯದು. ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಅವಧಿ ಇರಬೇಕು, ಖಾಲಿ ಪುಟಗಳೂ ಇರಬೇಕು.

ಕೆನ್ಯಾ 2024ರ ಜನವರಿಯಿಂದ ವೀಸಾ ತೆಗೆದುಹಾಕಿ ಇಟಿಎ ಎಂಬ ಆನ್‌ಲೈನ್ ಅನುಮತಿ ತಂದಿದೆ. ಪಾಸ್‌ಪೋರ್ಟ್, ಫೋಟೊ, ಉಳಿಯುವ ಜಾಗದ ಬುಕಿಂಗ್, ವಿಮಾನದ ವಿವರ ಕೊಡಬೇಕು. ಶುಲ್ಕ 30 ಡಾಲರ್‌ಗಿಂತ ಸ್ವಲ್ಪ ಹೆಚ್ಚು. ಮಕ್ಕಳಿಗೂ ಬೇಕು. ತಾಂಜಾನಿಯಾದ ಇ-ವೀಸಾ ನಮಗೆ 50 ಡಾಲರ್. ಕೆನ್ಯಾ, ಉಗಾಂಡಾ, ರುವಾಂಡಾ ಮೂರನ್ನೂ ಸುತ್ತುವವರಿಗೆ 90 ದಿನದ ಒಂದೇ ಪೂರ್ವ ಆಫ್ರಿಕಾ ಪ್ರವಾಸಿ ವೀಸಾ 100 ಡಾಲರಿಗೆ ಸಿಗುತ್ತದೆ, ಅದರಲ್ಲಿ ತಾಂಜಾನಿಯಾ ಸೇರಿಲ್ಲ. ಹುಡುಕುವಾಗ ಸರ್ಕಾರಿ ತಾಣದಂತೆಯೇ ಕಾಣುವ ಖಾಸಗಿ ತಾಣಗಳು ಮೇಲೆ ಬರುತ್ತವೆ, ದುಪ್ಪಟ್ಟು ಕೀಳುತ್ತವೆ. ವಿಳಾಸದ ಕೊನೆ ಕೆನ್ಯಾದ್ದಾದರೆ ‘ಗೋ ಡಾಟ್ ಕೆಇ’, ತಾಂಜಾನಿಯಾದ್ದಾದರೆ ‘ಗೋ ಡಾಟ್ ಟಿಝಡ್’ ಇದೆಯೇ ಎಂದು ನೋಡಿ ದುಡ್ಡು ಕಟ್ಟಿ. ಜಾಂಜಿಬಾರ್ ಕಡಲತೀರವನ್ನೂ ಸೇರಿಸಿಕೊಂಡವರು 2024ರ ಅಕ್ಟೋಬರಿನಿಂದ ಅಲ್ಲಿನದೇ ಕಡ್ಡಾಯ ವಿಮೆಗೆ 44 ಡಾಲರ್ ಬೇರೆ ಕಟ್ಟಬೇಕು.

ಹಳದಿ ಕಾರ್ಡು

ಇನ್ನು ಹಳದಿ ಜ್ವರದ ಚುಚ್ಚುಮದ್ದು. ಹೆಸರು ಕೇಳಿ ಕಾಮಾಲೆ ಎಂದುಕೊಳ್ಳುವವರಿದ್ದಾರೆ. ಇದು ಸೊಳ್ಳೆಯಿಂದ ಹರಡುವ ಬೇರೆಯದೇ ಕಾಯಿಲೆ. ಬೆಂಗಳೂರಿನಿಂದ ನೇರ ಹೋಗುವವರನ್ನು ಕೆನ್ಯಾದವರು ಈ ಚುಚ್ಚುಮದ್ದಿಗೆ ಕೊಡುವ ಹಳದಿ ಕಾರ್ಡು ಕೇಳಲೇಬೇಕೆಂದಿಲ್ಲ. ವಾಪಸು ಬರುವಾಗ ಕೇಳುವುದು ನಮ್ಮದೇ ಆರೋಗ್ಯ ಅಧಿಕಾರಿಗಳು. ಅದಕ್ಕೆ ಕಾರಣವಿದೆ. ಹಳದಿ ಜ್ವರ ಭಾರತದಲ್ಲಿಲ್ಲ, ಆದರೆ ಅದನ್ನು ಹರಡಬಲ್ಲ ಈಡಿಸ್ ಸೊಳ್ಳೆ, ಡೆಂಗಿ ತರುವ ಅದೇ ಸೊಳ್ಳೆ, ನಮ್ಮ ಪ್ರತಿಯೊಂದು ಊರಿನಲ್ಲೂ ಇದೆ. ಸೋಂಕು ಹೊತ್ತ ಒಬ್ಬರು ಬಂದರೂ ಅಪಾಯ. ಹಾಗಾಗಿ ಕಾರ್ಡಿಲ್ಲದೆ ಹಳದಿ ಜ್ವರವಿರುವ ದೇಶಗಳಿಂದ ಬಂದಿಳಿದವರನ್ನು ಆರು ದಿನದವರೆಗೆ ಪ್ರತ್ಯೇಕವಾಗಿ ಇಡುತ್ತಾರೆ. ಕೆನ್ಯಾದಿಂದ ತಾಂಜಾನಿಯಾಕ್ಕೆ ದಾಟುವವರನ್ನು ಅಲ್ಲಿನ ಗಡಿಯಲ್ಲೂ ಕೇಳುತ್ತಾರೆ.

ಈ ಚುಚ್ಚುಮದ್ದು ಊರಿನ ಕ್ಲಿನಿಕ್ಕಿನಲ್ಲಿ ಸಿಗುವುದಿಲ್ಲ. ಕೇಂದ್ರ ಆರೋಗ್ಯ ಸಚಿವಾಲಯ ಮಾನ್ಯ ಮಾಡಿದ ಕೇಂದ್ರಗಳಲ್ಲಿ ಮಾತ್ರ. ನಮಗೆ ಹತ್ತಿರದವು ಬೆಂಗಳೂರಿನಲ್ಲಿವೆ, ಪಟ್ಟಿ ಸಚಿವಾಲಯದ ತಾಣದಲ್ಲಿದೆ. ಒಂದು ಸೀಸೆ ಒಡೆದರೆ ಹಲವರಿಗೆ ಹಾಕಬೇಕಾದ್ದರಿಂದ ವಾರದ ಗೊತ್ತಾದ ದಿನಗಳಲ್ಲಿ, ಮೊದಲೇ ಹೆಸರು ಬರೆಸಿದವರಿಗೆ ಹಾಕುತ್ತಾರೆ. ಲಸಿಕೆ ಮುಗಿದುಹೋಗುವುದೂ ಉಂಟು. ಮೂಲ ಪಾಸ್‌ಪೋರ್ಟ್ ತೆಗೆದುಕೊಂಡು ಹೋಗಿ, ಕಾರ್ಡಿನಲ್ಲಿ ಅದರ ಸಂಖ್ಯೆ ಬರೆಯುತ್ತಾರೆ. ಆ ಸಂಖ್ಯೆ, ಹೆಸರಿನ ಅಕ್ಷರ, ಲಸಿಕೆಯ ಬ್ಯಾಚ್, ಸಹಿ, ಮೊಹರು ಎಲ್ಲವನ್ನೂ ಅಲ್ಲೇ ನಿಂತು ಓದಿ ನೋಡಿ. ಚುಚ್ಚಿದ ಹತ್ತು ದಿನದ ಮೇಲಷ್ಟೇ ಕಾರ್ಡಿಗೆ ಬೆಲೆ. ಹೊರಡುವ ಹಿಂದಿನ ವಾರ ಓಡಿದರೆ ಪ್ರಯೋಜನವಿಲ್ಲ. ಆರೆಂಟು ವಾರ ಮೊದಲೇ ಮುಗಿಸಿ. 2016ರಿಂದ ಒಂದೇ ಚುಚ್ಚುಮದ್ದಿನ ಕಾರ್ಡು ಜೀವನಪೂರ್ತಿ ಸಲ್ಲುತ್ತದೆ.

ಇದು ಜೀವಂತ ವೈರಾಣುವನ್ನು ದುರ್ಬಲಗೊಳಿಸಿ ಮಾಡಿದ ಲಸಿಕೆ. ಒಂಬತ್ತು ತಿಂಗಳಿಗಿಂತ ಚಿಕ್ಕ ಕೂಸು, ಗರ್ಭಿಣಿ, ಮೊಟ್ಟೆಯ ಅಲರ್ಜಿ ಇರುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಅರವತ್ತು ದಾಟಿ ಮೊದಲ ಬಾರಿ ಹಾಕಿಸಿಕೊಳ್ಳುವವರು ವೈದ್ಯರನ್ನು ಕೇಳದೆ ಹಾಕಿಸಿಕೊಳ್ಳಬಾರದು. ಅಪ್ಪ ಅಮ್ಮನಿಗೆ ಅಚ್ಚರಿ ಕೊಡಲೆಂದು ಟಿಕೆಟ್ ಮೊದಲು ಕೊಂಡು ಆಮೇಲೆ ಲಸಿಕೆಯ ವಿಷಯ ತೆಗೆಯುವುದು ಬೇಡ. ವೈದ್ಯರ ಮಾತು ಮೊದಲು, ಟಿಕೆಟ್ ಆಮೇಲೆ.

ಅದೇ ಭೇಟಿಯಲ್ಲಿ ಮಲೇರಿಯಾ ಮಾತ್ರೆಯ ಬಗ್ಗೆಯೂ ಕೇಳಿ. ಪೂರ್ವ ಆಫ್ರಿಕಾದ ಮಲೇರಿಯಾಕ್ಕೆ ಹಳೆಯ ಕ್ಲೋರೊಕ್ವಿನ್ ಕೆಲಸಕ್ಕೆ ಬರುವುದಿಲ್ಲ. ಅಟೊವಾಕ್ವೋನ್-ಪ್ರೊಗ್ವಾನಿಲ್ ಅಥವಾ ಡಾಕ್ಸಿಸೈಕ್ಲಿನ್ ಕೊಡುವುದು ರೂಢಿ. ಮೊದಲನೆಯದನ್ನು ವಾಪಸಾದ ಮೇಲೆ ಏಳು ದಿನ, ಎರಡನೆಯದನ್ನು ನಾಲ್ಕು ವಾರ ನುಂಗಬೇಕು. ಮನೆ ಸೇರಿದ ಮೇಲೆ ‘ಇನ್ನೇಕೆ’ ಎಂದು ನಿಲ್ಲಿಸುವುದೇ ಎಲ್ಲರೂ ಮಾಡುವ ತಪ್ಪು. ಮಲೇರಿಯಾದ ಸೊಳ್ಳೆ ಕಚ್ಚುವುದು ಸಂಜೆಯಿಂದ ಬೆಳಗಿನವರೆಗೆ. ಆ ಹೊತ್ತಿಗೆ ತುಂಬುತೋಳು, ಪೂರ್ತಿ ಪ್ಯಾಂಟು, ಡೀಟ್ ಇರುವ ರಿಪೆಲೆಂಟ್, ಮಲಗುವಾಗ ಪರದೆ. ಬಿಪಿ, ಶುಗರ್ ಮಾತ್ರೆಗಳನ್ನು ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲೇ ಇಡಿ. ಇನ್ಸುಲಿನ್ ತೆಗೆದುಕೊಳ್ಳುವವರು ಕ್ಯಾಂಪಿನಲ್ಲಿ ಫ್ರಿಜ್ ಇದೆಯೇ ಎಂದು ಬುಕ್ ಮಾಡುವಾಗಲೇ ಕೇಳಿಕೊಳ್ಳಬೇಕು. ವಿಮೆ ಕೊಳ್ಳುವಾಗ ಕಾಡಿನಿಂದ ವಿಮಾನದಲ್ಲಿ ನೈರೋಬಿ ಆಸ್ಪತ್ರೆಗೆ ಸಾಗಿಸುವ ಖರ್ಚು ಸೇರಿದೆಯೇ ನೋಡಿ. ಆ ಕೆಲಸಕ್ಕೆಂದೇ ಅಲ್ಲಿ ಆಮ್ರೆಫ್ ಫ್ಲೈಯಿಂಗ್ ಡಾಕ್ಟರ್ಸ್ ಇದ್ದಾರೆ, ಪ್ರವಾಸಿಗರಿಗೂ ಅಲ್ಪಾವಧಿಯ ರಕ್ಷಣೆ ಕೊಡುತ್ತಾರೆ.

ನಂದಿಬೆಟ್ಟಕ್ಕಿಂತ ಎತ್ತರ

ಆಫ್ರಿಕಾ ಎಂದರೆ ಬಿಸಿಲು ಎಂದು ಬರೀ ಹತ್ತಿಯ ಅಂಗಿ ತುಂಬಿಕೊಂಡು ಹೊರಡುವವರು ಒಮ್ಮೆ ತಲೆಯೆತ್ತಿ ನಂದಿಬೆಟ್ಟ ನೋಡಬೇಕು. ಅದರ ತುದಿ 1,478 ಮೀಟರ್. ನೈರೋಬಿ ಪಟ್ಟಣ ಇರುವುದೇ ಸುಮಾರು 1,795 ಮೀಟರ್ ಎತ್ತರದಲ್ಲಿ. ಗೊರೊಂಗೊರೊ ಕುಳಿಯ ಅಂಚು, ಲಾಡ್ಜುಗಳಿರುವ ಜಾಗ, 2,200 ಮೀಟರಿಗೂ ಮೇಲೆ. ಡಿಸೆಂಬರಿನ ಬೆಳಗಿನ ಜಾವ ಬೆಟ್ಟಕ್ಕೆ ಬೈಕಿನಲ್ಲಿ ಹೋದವರಿಗೆ ಬೆರಳು ಮರಗಟ್ಟುವುದು ಗೊತ್ತು. ಚಾವಣಿ ತೆರೆದ ಜೀಪಿನಲ್ಲಿ ಬೆಳಗ್ಗೆ ಆರಕ್ಕೆ ನಿಂತಾಗ ಹೊಡೆಯುವ ಗಾಳಿ ಅದಕ್ಕಿಂತ ಕಡಿಮೆಯಲ್ಲ. ನೈರೋಬಿಯಲ್ಲಿ ಹೆಚ್ಚು ಚಳಿ ಜುಲೈ, ಆಗಸ್ಟ್‌ನಲ್ಲಿ. ಹತ್ತಿಯ ಅಂಗಿ, ಅದರ ಮೇಲೊಂದು ಸ್ವೆಟರ್, ಅದರ ಮೇಲೆ ಗಾಳಿ ತಡೆಯುವ ಜಾಕೆಟ್ ಹೀಗೆ ಪದರವಾಗಿ ಹಾಕಿಕೊಂಡರೆ ಬಿಸಿಲೇರಿದಂತೆ ಒಂದೊಂದೇ ಕಳಚಬಹುದು. ಹಿರಿಯರಿಗೆ ಮಂಕಿ ಕ್ಯಾಪ್ ಮರೆಯಬೇಡಿ. ಮಧ್ಯಾಹ್ನಕ್ಕೆ ಅಗಲ ಅಂಚಿನ ಟೋಪಿಯೂ ಬೇಕು. ಹೆಂಗಸರಿಗೆ ಗಾಡಿ ಹತ್ತಿಳಿಯಲು, ಸೀಟಿನ ಮೇಲೆ ನಿಲ್ಲಲು ಸೀರೆಗಿಂತ ಚೂಡಿದಾರ್ ಅಥವಾ ಪ್ಯಾಂಟು ಅನುಕೂಲ.

ಬಣ್ಣಕ್ಕೂ ಕಾರಣವಿದೆ. ತರಂಗಿರೆ, ಸೆರೆಂಗೆಟಿಯ ಕೆಲವು ಕಡೆ ಸೆಟ್ಸಿ ನೊಣಗಳ ಕಾಟ. ದಾರಿಬದಿಯ ಮರಗಳಿಗೆ ನೀಲಿ, ಕಪ್ಪು ಬಟ್ಟೆಯ ತುಂಡುಗಳನ್ನು ನೇತುಹಾಕಿರುವುದು ಕಣ್ಣಿಗೆ ಬೀಳುತ್ತದೆ. ಅದು ಈ ನೊಣಗಳಿಗೆ ಇಟ್ಟ ಬಲೆ. ಆ ಎರಡು ಬಣ್ಣಕ್ಕೆ ಅವು ಬಂದು ಮುತ್ತುತ್ತವೆ. ನಾವು ಕಡುನೀಲಿ ಜೀನ್ಸ್, ಕಪ್ಪು ಟೀಶರ್ಟ್ ಹಾಕಿಕೊಂಡು ಹೋದರೆ ನಾವೇ ಬಲೆಯಾಗುತ್ತೇವೆ. ತೆಳು ಬಟ್ಟೆಯ ಮೇಲಿಂದಲೇ ಕಚ್ಚುತ್ತವೆ, ಸೊಳ್ಳೆಯ ಕ್ರೀಮಿಗೆ ಅಷ್ಟಾಗಿ ಬಗ್ಗುವುದಿಲ್ಲ. ಖಾಕಿ, ಬೂದು, ಮಣ್ಣಿನ ಬಣ್ಣ, ಸ್ವಲ್ಪ ದಪ್ಪ ಬಟ್ಟೆ ಸರಿ. ಮಿಲಿಟರಿ ಚಿತ್ತಾರದ ಬಟ್ಟೆ ಮಾತ್ರ ಬೇಡವೇ ಬೇಡ. ಉಗಾಂಡಾದಲ್ಲಿ ಸಾಮಾನ್ಯ ಜನ ಅದನ್ನು ತೊಡುವುದು ಅಪರಾಧ, ಪಕ್ಕದ ದೇಶಗಳಲ್ಲೂ ಪೊಲೀಸರು ತಡೆಯಬಹುದು.

ಪ್ಲಾಸ್ಟಿಕ್ ಕವರ್ ಕೆನ್ಯಾದಲ್ಲಿ 2017ರ ಆಗಸ್ಟಿನಿಂದ, ತಾಂಜಾನಿಯಾದಲ್ಲಿ 2019ರ ಜೂನ್‌ನಿಂದ ನಿಷೇಧ. ಕೆನ್ಯಾದ ಉದ್ಯಾನಗಳ ಒಳಗೆ 2020ರಿಂದ ಒಮ್ಮೆ ಬಳಸಿ ಬಿಸಾಡುವ ನೀರಿನ ಬಾಟಲಿಯನ್ನೂ ಒಯ್ಯುವಂತಿಲ್ಲ. ನಾವು ಚಪ್ಪಲಿಗೊಂದು, ಒದ್ದೆ ಟವೆಲಿಗೊಂದು, ಚಕ್ಕುಲಿಗೊಂದು ಕವರ್ ಕಟ್ಟುವವರು. ಸೂಟ್‌ಕೇಸ್ ಜಡಿದ ಮೇಲೆ ಇನ್ನೊಮ್ಮೆ ತೆಗೆದು ಒಂದೊಂದನ್ನೂ ಬಟ್ಟೆಚೀಲಕ್ಕೆ ಬದಲಿಸಿ. ಸ್ಟೀಲಿನ ನೀರಿನ ಬಾಟಲಿ ಇರಲಿ.

ನೈರೋಬಿಯ ವಿಲ್ಸನ್ ನಿಲ್ದಾಣದಿಂದ ಚಿಕ್ಕ ವಿಮಾನದಲ್ಲಿ ಮಾರಾಕ್ಕೆ ಹಾರುವವರಿಗೆ ಕೈಚೀಲವೂ ಸೇರಿ 15 ಕೆ.ಜಿ. ಮಿತಿ, ಅದೂ ಮೆತ್ತನೆಯ ಬ್ಯಾಗಿನಲ್ಲಿ. ಗಟ್ಟಿ ಸೂಟ್‌ಕೇಸ್ ಅದರ ಹೊಟ್ಟೆಯೊಳಗೆ ಹಿಡಿಸುವುದಿಲ್ಲ. ಸೊಂಟ, ಮಂಡಿ ನೋವಿನ ಹಿರಿಯರಿದ್ದರೆ ಬೇರೆ ಯಾವುದರಲ್ಲಾದರೂ ಉಳಿಸಿ ಈ ವಿಮಾನಕ್ಕೆ ಖರ್ಚು ಮಾಡಿ. ರಸ್ತೆಯಲ್ಲೇ ಹೋಗಬೇಕಾದರೆ ಅವರಿಗೆ ಹಿಂದಿನ ಚಕ್ರದ ಮೇಲಿನ ಸೀಟು ಬೇಡ, ಮುಂದಿನದು ಕೊಡಿ.

ಅಲ್ಲಿನ ಪ್ಲಗ್ಗಿಗೆ ಮೂರು ಚಪ್ಪಟೆ ಕಡ್ಡಿ, ಇಂಗ್ಲೆಂಡಿನ ಮಾದರಿ. ನಮ್ಮ ದುಂಡು ಕಡ್ಡಿ ಹೋಗುವುದಿಲ್ಲ, ಅಡಾಪ್ಟರ್ ಎರಡಾದರೂ ಬೇಕು. ಡ್ರೋನ್ ಮನೆಯಲ್ಲೇ ಬಿಡಿ. ದೊಡ್ಡ ಕ್ಯಾಮೆರಾಕ್ಕಿಂತ ಮೊದಲು ತಲೆಗೊಂದು ದುರ್ಬೀನು ಕೊಳ್ಳಿ, 8x42 ಆದರೆ ಒಳ್ಳೆಯದು. ಇಬ್ಬರಿಗೆ ಒಂದು ಎಂದರೆ ಚೀತಾ ಓಡುವ ಹೊತ್ತಿಗೆ ಕಿತ್ತಾಟವಾಗುತ್ತದೆ. ಹೊರಡುವ ಮೊದಲು ಕೆಲವು ಬೆಳಗ್ಗೆ ಚಿಕ್ಕಬಳ್ಳಾಪುರದ ಕಂದವಾರ ಕೆರೆಯ ದಡದಲ್ಲಿ ಹಾರುವ ಕೊಕ್ಕರೆಯ ಮೇಲೆ ದುರ್ಬೀನು ಹಿಡಿದು ರೂಢಿ ಮಾಡಿಕೊಳ್ಳಿ. ಬರಿಗಣ್ಣಿನಲ್ಲಿ ಹಕ್ಕಿಯನ್ನು ನೋಡುತ್ತಲೇ, ನೋಟ ಕದಲಿಸದೆ ದುರ್ಬೀನನ್ನು ಕಣ್ಣಿಗೆ ತರುವುದೇ ಅದರ ಕೀಲಿ. ಕ್ಯಾಮೆರಾ ಒಯ್ಯುವವರು ಟ್ರೈಪಾಡ್ ಬಿಟ್ಟು, ಗಟ್ಟಿ ಹತ್ತಿಬಟ್ಟೆಯ ಒಂದು ಖಾಲಿ ಚೀಲ ಹೊಲಿಸಿಕೊಂಡು ಹೋಗಿ. ಅಲ್ಲಿ ಒಂದೆರಡು ಕಿಲೊ ಹುರುಳಿಕಾಯಿ ಬೀಜ ತುಂಬಿ ಗಾಡಿಯ ಅಂಚಿನ ಮೇಲಿಟ್ಟರೆ ಲೆನ್ಸ್ ಕದಲದೆ ಕೂರುತ್ತದೆ. ಹೊರಡುವ ದಿನ ಬೀಜವನ್ನು ಅಡುಗೆಮನೆಗೆ ಕೊಟ್ಟು ಬರಬಹುದು. ಧೂಳಿನಲ್ಲಿ ಲೆನ್ಸ್ ಬದಲಾಯಿಸಬೇಡಿ.

ಊಟ

‘ಅಲ್ಲಿ ಮುದ್ದೆ ಸಿಗುತ್ತೇನಪ್ಪ?’ ಎಂದು ಕೇಳುವ ಅಜ್ಜಂದಿರಿಗೆ ಹೇಳಲು ಒಳ್ಳೆಯ ಸುದ್ದಿಯೇ ಇದೆ. ರಾಗಿಯ ತವರೇ ಪೂರ್ವ ಆಫ್ರಿಕಾದ ಎತ್ತರದ ನೆಲ. ಸಾವಿರಾರು ವರ್ಷದ ಹಿಂದೆ ಅಲ್ಲಿಂದ ಹೊರಟು ನಮ್ಮ ಹೊಲಗಳಿಗೆ ಬಂದ ಪೈರು ಅದು. ಸ್ವಾಹಿಲಿಯಲ್ಲಿ ಅದಕ್ಕೆ ವಿಂಬಿ ಎನ್ನುತ್ತಾರೆ, ನೈರೋಬಿಯ ಅಂಗಡಿಗಳಲ್ಲಿ ವಿಂಬಿ ಹಿಟ್ಟು ಸಿಗುತ್ತದೆ, ಅದರ ಗಂಜಿಯೇ ಬೆಳಗಿನ ಉಜಿ. ದಿನದ ಊಟದ ಉಗಾಲಿ ಮಾತ್ರ ಹೆಚ್ಚಾಗಿ ಬಿಳಿ ಮುಸುಕಿನ ಜೋಳದ ಹಿಟ್ಟಿನದು. ಜೊತೆಗೆ ಸುಕುಮಾ ವಿಕಿ ಎಂಬ ಸೊಪ್ಪಿನ ಪಲ್ಯ, ಮಹರಾಗ್ವೆ ಎಂಬ ಕೆಂಪು ಕಾಳಿನ ಸಾರು, ಚಪಾತಿ. ನೂರು ವರ್ಷಕ್ಕೂ ಹಿಂದೆ ಹೋಗಿ ನೆಲೆಸಿದ ಗುಜರಾತಿಗಳ, ಪಂಜಾಬಿಗಳ ಕೈರುಚಿ ಅಲ್ಲಿನ ಅಡುಗೆಯಲ್ಲಿ ಸೇರಿಹೋಗಿದೆ. ಸಸ್ಯಾಹಾರ ಎಂದರೆ ಲಾಡ್ಜಿನವರು ಕಕ್ಕಾಬಿಕ್ಕಿಯಾಗುವುದಿಲ್ಲ. ಆದರೆ ಕಾಡಿನ ನಡುವಿನ ಕ್ಯಾಂಪಿಗೆ ತರಕಾರಿ ದೂರದಿಂದ ಬರಬೇಕು. ಸಸ್ಯಾಹಾರಿಗಳು ಎಷ್ಟು ಮಂದಿ, ಮೊಟ್ಟೆ ತಿನ್ನುವಿರಾ, ಈರುಳ್ಳಿ ಬೆಳ್ಳುಳ್ಳಿ ನಡೆಯುತ್ತದೆಯೇ ಎಂಬುದನ್ನು ಬುಕಿಂಗ್ ಹೊತ್ತಿಗೇ ಬರೆದು ತಿಳಿಸಿ. ಮಧ್ಯಾಹ್ನ ಗಾಡಿಯಲ್ಲಿ ಕೊಡುವ ಪೊಟ್ಟಣದ ಊಟಕ್ಕೂ ಇದೇ ಮಾತು ಹೇಳಿರಬೇಕು, ಎಡವಟ್ಟಾಗುವುದು ಅಲ್ಲೇ.

ಚಟ್ನಿಪುಡಿ, ಉಪ್ಪಿನಕಾಯಿ, ಹುರಿಗಾಳು, ನಿಪ್ಪಟ್ಟು ಸ್ಟೀಲ್ ಡಬ್ಬಿಯಲ್ಲಿ ಸಾಕು. ಹಣ್ಣು, ತರಕಾರಿ, ಬಿತ್ತನೆ ಬೀಜ ಒಯ್ಯಬೇಡಿ. ತಿಂಡಿಯನ್ನು ಟೆಂಟಿನೊಳಗೆ ಬಿಚ್ಚಿಡಬೇಡಿ. ಬಬೂನ್ ಕೋತಿಗಳು ಜಿಪ್ಪು ತೆರೆಯುವುದನ್ನು ಕಲಿತಿವೆ.

ದುಡ್ಡು, ಗಾಡಿ, ನಡವಳಿಕೆ

ಡಾಲರ್ ನೋಟುಗಳು ಹೊಸವಿರಲಿ. 2009ಕ್ಕಿಂತ ಹಿಂದೆ ಅಚ್ಚಾದವನ್ನು, ಹರಿದ, ಗೀಚಿದ ನೋಟುಗಳನ್ನು ಎಷ್ಟೋ ಕಡೆ ಮುಟ್ಟುವುದೇ ಇಲ್ಲ. ಒಂದು, ಐದು, ಹತ್ತರ ನೋಟು ಹೆಚ್ಚು ಒಯ್ಯಿರಿ, ಭಕ್ಷೀಸಿಗೆ ಬೇಕು. ಚಾಲಕರೇ ಗೈಡ್ ಕೂಡ ಆಗಿರುತ್ತಾರೆ. ಬೆಳಗ್ಗೆ ಐದಕ್ಕೆ ಎದ್ದು, ಹೆಜ್ಜೆ ಗುರುತು ನೋಡಿ, ಹದ್ದು ಇಳಿದ ದಿಕ್ಕು ಹಿಡಿದು ನಿಮಗೆ ಸಿಂಹ ತೋರಿಸುವವರು ಅವರೇ. ಒಬ್ಬರಿಗೆ ದಿನಕ್ಕೆ ಹತ್ತು ಡಾಲರ್ ಆಸುಪಾಸು ಕೊಡುವುದು ರೂಢಿ, ಅದನ್ನು ಮೊದಲೇ ಬಜೆಟ್ಟಿನಲ್ಲಿ ಇಟ್ಟುಕೊಳ್ಳಿ. ಕಡೆಯ ದಿನ ಚೌಕಾಸಿಗೆ ಇಳಿಯಬೇಡಿ.

ಅವರ ರೇಡಿಯೊದಲ್ಲಿ ಸಿಂಬಾ ಎಂದು ಕೇಳಿದರೆ ಸಿಂಹ, ಚುಯಿ ಎಂದರೆ ಚಿರತೆ, ದುಮಾ ಎಂದರೆ ಚೀತಾ. ಮಕ್ಕಳಿಗೆ ಇಷ್ಟು ಕಲಿಸಿಟ್ಟರೆ ಗಾಡಿಯಲ್ಲಿ ಅವರೇ ಮೊದಲು ಎಚ್ಚೆತ್ತುಕೊಳ್ಳುತ್ತಾರೆ. ಪ್ರಾಣಿ ಕಂಡಾಗ ಕಿರುಚುವುದು, ಗಾಡಿಯ ಮೈ ಬಡಿಯುವುದು, ಇನ್ನೂ ಹತ್ತಿರ ಹೋಗೆಂದು ಚಾಲಕರನ್ನು ಒತ್ತಾಯಿಸುವುದು ಬೇಡ. ಮಾರಾದಲ್ಲಿ ಒಂದು ಪ್ರಾಣಿಯ ಸುತ್ತ ಐದು ಗಾಡಿಗಿಂತ ಹೆಚ್ಚು ನಿಲ್ಲಬಾರದು, ದಾರಿ ಬಿಟ್ಟು ಹುಲ್ಲಿಗೆ ಇಳಿಯಬಾರದು. ನಿಯಮ ಮುರಿದ ದಂಡ ಬೀಳುವುದು ಚಾಲಕರ ಮೇಲೆ, ಅವರ ಪರವಾನಗಿಯ ಮೇಲೆ. ಬೇಟೆಗೆ ಹೊಂಚು ಹಾಕಿದ ಚೀತಾದ ಸುತ್ತ ಗಾಡಿ ಮುತ್ತಿದರೆ ಅದರ ಮರಿಗಳು ಆ ದಿನ ಉಪವಾಸ. ಮಸಾಯಿ ಜನರ, ಅವರ ಮನೆಗಳ ಫೋಟೊವನ್ನು ಕೇಳದೆ ತೆಗೆಯಬಾರದು. ಕತ್ತಲಾದ ಮೇಲೆ ಟೆಂಟಿನಿಂದ ಊಟದ ಮನೆಗೆ ಹೋಗುವಾಗ ಕಾವಲುಗಾರ ಬರುವವರೆಗೆ ಕಾಯಿರಿ. ಆ ಕಾವಲು ಇರುವುದು ಹಿಪ್ಪೊ, ಕಾಡೆಮ್ಮೆಗಳು ಕ್ಯಾಂಪಿನೊಳಗೇ ಮೇಯಲು ಬರುತ್ತವೆ ಎಂಬ ಕಾರಣಕ್ಕೆ.

ವಾಪಸು ಬಂದ ಮೇಲೆ ಹಳದಿ ಕಾರ್ಡನ್ನು ಮನೆಪತ್ರಗಳ ಜೊತೆ ಎತ್ತಿಡಿ, ಮತ್ತೆ ಹೋಗುವಾಗ ಅದೇ ನಡೆಯುತ್ತದೆ. ಮುಂದಿನ ಮೂರು ತಿಂಗಳಲ್ಲಿ ಜ್ವರ ಬಂದರೆ ಡೆಂಗಿ, ವೈರಲ್ ಎಂದು ಮಾತ್ರೆ ನುಂಗಿ ಮಲಗಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ, ‘ಆಫ್ರಿಕಾಕ್ಕೆ ಹೋಗಿ ಬಂದಿದ್ದೇವೆ, ಮಲೇರಿಯಾ ಪರೀಕ್ಷೆ ಮಾಡಿ’ ಎಂದು ನೀವಾಗಿಯೇ ಹೇಳಿ. ಮಾತ್ರೆ ತಪ್ಪದೆ ನುಂಗಿದವರೂ ಹೇಳಬೇಕು. ಅಲ್ಲಿನ ಮಲೇರಿಯಾ ಹೆಚ್ಚಾಗಿ ಫಾಲ್ಸಿಪಾರಮ್ ಜಾತಿಯದು, ಎರಡು ದಿನ ತಡವಾದರೂ ಮಿದುಳಿಗೆ, ಮೂತ್ರಪಿಂಡಕ್ಕೆ ಏರಬಲ್ಲದು. ಬೇಗ ಪತ್ತೆಯಾದರೆ ಅದಕ್ಕೆ ಒಳ್ಳೆಯ ಔಷಧವಿದೆ.